ಅಚ್ಚಿನ ಹದಕ್ಕೆ ಬಂದ ಬ್ರೇಕು

ಮಂಡ್ಯ, ಮದ್ದೂರು, ಮಳವಳ್ಳಿ ಮೂರಕ್ಕೂ ಜಿಲ್ಲೆ ಒಂದೇ, ಜಿಲ್ಲಾಧಿಕಾರಿಯೂ ಒಬ್ಬರೇ. ಆದರೂ ಮಂಡ್ಯದಲ್ಲಿ ನೆತ್ತಿ ಸುಡುವ ದಿನವೇ ಮದ್ದೂರಿನಲ್ಲಿ ಮೋಡ ಕಟ್ಟುವುದು, ಆ ಮೋಡ ಕಟ್ಟಿದಲ್ಲಿ ಸುರಿಯದೆ ಬಸ್ಸು ಹತ್ತಿದವರ ಹಾಗೆ ಮಳವಳ್ಳಿಗೆ ಹೋಗಿ ಸುರಿಯುವುದು ಯಾವ ಸೀಮೆಯ ಆಡಳಿತ ಎಂಬುದು ಜಯಪ್ರಕಾಶನಿಗೆ ಅರ್ಥವಾಗಿರಲಿಲ್ಲ. ಅವನು ರೈತನಾಗಿದ್ದರೆ ಈ ಕೊರಗಿಗೆ ಒಂದು ಮರ್ಯಾದೆ ಇರುತ್ತಿತ್ತು. ಅವನು ಮದ್ದೂರಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಅವನು ಆಕಾಶ ನೋಡುತ್ತಿದ್ದದ್ದು ಹೆಂಡತಿಯ ಸೈಕಲ್ಲಿನ ಬ್ರೇಕಿನ ಸಲುವಾಗಿ.

ಹೆಂಡತಿ ರೂಪ ಮಳವಳ್ಳಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಮಕ್ಕಳಿಗೆ ಪಿ.ಟಿ. ಮೇಡಂ. ಅವಳ ಸೈಕಲ್ಲು ಪೇಟೆಗೆ ಹೋಗಿ ಸೊಪ್ಪು ತರುವ ಸೈಕಲ್ಲಲ್ಲ, ಟ್ರಯಲ್ಸ್ ಬೈಕು. ಅದರ ಮೇಲೆ ಕುಳಿತು ಎಲ್ಲಿಗೂ ಹೋಗುವಂತಿಲ್ಲ, ಏಕೆಂದರೆ ಅದಕ್ಕೆ ಸೀಟೇ ಇಲ್ಲ. ಪೆಡಲಿನ ಮೇಲೆ ನಿಂತುಕೊಂಡೇ, ಕಾಲನ್ನು ನೆಲಕ್ಕೆ ತಾಗಿಸದೆ, ಬಂಡೆಯಿಂದ ಬಂಡೆಗೆ, ಮೆಟ್ಟಿಲಿನಿಂದ ಗೋಡೆಗೆ ಕಪ್ಪೆಯಂತೆ ನೆಗೆಯಬೇಕು. ನೆಗೆದ ಮೇಲೆ ಹಿಂದಿನ ಒಂದೇ ಚಕ್ರದ ಮೇಲೆ ಅಲುಗದೆ ನಿಲ್ಲಬೇಕು. ಹಾಗೆ ನಿಲ್ಲಿಸುವುದು ರಿಮ್ಮಿನ ಎರಡೂ ಕೆನ್ನೆಯನ್ನು ಕಚ್ಚಿ ಹಿಡಿಯುವ, ಹೆಬ್ಬೆರಳಿನಷ್ಟಿರುವ ಎರಡು ರಬ್ಬರಿನ ತುಂಡು. ಬ್ರೇಕ್ ಪ್ಯಾಡು ಎನ್ನುತ್ತಾರೆ. ಪ್ಯಾಡು ಜಾರಿದರೆ ರೂಪ ಜಾರುತ್ತಾಳೆ.

ಎದುರುಮನೆಯ ಮಂಗಳಮ್ಮನವರಿಗೆ ಈ ತಂತ್ರಜ್ಞಾನದಲ್ಲಿ ಒಂದೇ ಒಂದು ಸಂದೇಹ ಉಳಿದಿತ್ತು.

"ಸೈಕಲ್ ಬಂದು ವರ್ಸಾಯ್ತಲ್ಲವ್ವ ರೂಪ, ಸೀಟು ಇನ್ನೂ ಕಳಿಸಿಲ್ವಾ ಅಂಗ್ಡಿಯೋರು?"

"ಬತ್ತದೆ ಬುಡಿ ಮಂಗಳಮ್ಮ," ಎಂದು ರೂಪ ಹೇಳುತ್ತಿದ್ದಳು. ವಿವರಿಸುವುದನ್ನು ಅವಳು ಎಂದೋ ಬಿಟ್ಟಿದ್ದಳು.

ಸೈಕಲ್ಲು ಬಂದ ಹೊಸತರಲ್ಲಿ ಜಯಪ್ರಕಾಶನೂ ಒಮ್ಮೆ ಹತ್ತಿದ್ದ. ಇಳಿದದ್ದು ತುಳಸಿಕಟ್ಟೆಯ ಮೇಲೆ. ಅಂದಿನಿಂದ ಸವಾರಿಯನ್ನು ಹೆಂಡತಿಗೆ ಬಿಟ್ಟು, ಅದರ ಬ್ರೇಕನ್ನು ತಾನು ವಹಿಸಿಕೊಂಡ. ಆ ಮನೆಯ ಸಚಿವ ಸಂಪುಟದಲ್ಲಿ ಹಣಕಾಸು, ಗೃಹ ಎರಡೂ ರೂಪಳ ಬಳಿ ಇದ್ದವು. ಆಹಾರ ಖಾತೆ ಅವನ ತಾಯಿ ಚಿಕ್ಕಬೋರಮ್ಮನವರದು, ಅದರ ಜೊತೆಗೆ ವಿರೋಧ ಪಕ್ಷದ ನಾಯಕತ್ವವೂ ಅವರದೇ. ಹೀಗಾಗಿ ಜಯಪ್ರಕಾಶನ ಪಾಲಿಗೆ ಬಂದ ಏಕೈಕ ಖಾತೆ ಬ್ರೇಕು. ಅದನ್ನು ಅವನು ಬಹಳ ಶ್ರದ್ಧೆಯಿಂದ ನಿರ್ವಹಿಸುತ್ತಿದ್ದ. ಪ್ರತಿ ಭಾನುವಾರ ತಿಂಡಿಯಾದ ಮೇಲೆ ಸೈಕಲ್ಲನ್ನು ಜಗುಲಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಹಳೆಯ ಪಂಚೆಯಿಂದ ರಿಮ್ಮು ಒರೆಸಿ, ಪ್ಯಾಡನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿಸುವನು. ರೂಪ ಪಕ್ಕದಲ್ಲಿ ಕಾಫಿ ಲೋಟ ಹಿಡಿದು ಕುಳಿತು, ಮಳವಳ್ಳಿಯ ಮಕ್ಕಳ ಸುದ್ದಿ ಹೇಳುವಳು. ವಾರದಲ್ಲಿ ಅವರಿಬ್ಬರು ಒಂದೇ ಕಡೆ ನೋಡುತ್ತ ಕೂರುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಹೋದ ವರ್ಷ ಈ ಖಾತೆಗೆ ಕುತ್ತು ಬಂದಿತ್ತು. ಮಂಡ್ಯದ ಕ್ರೀಡಾಂಗಣದ ಮೆಟ್ಟಿಲ ಮೇಲೆ ಪ್ರದರ್ಶನ. ಮದ್ದೂರಿನಲ್ಲಿ ಬಿಸಿಲಿತ್ತೆಂದು ಜಯಪ್ರಕಾಶ ಬಿಸಿಲಿನ ಪ್ಯಾಡು ಹಾಕಿ ಕಳಿಸಿದ. ಅಲ್ಲಿ ಹನಿಯಿತು. ಪ್ಯಾಡು ಜಾರಿತು, ರೂಪಳ ಮಣಿಕಟ್ಟು ಮುರಿಯಿತು. ಅವಳ ಕೈ ಪಟ್ಟಿಯಲ್ಲಿದ್ದಷ್ಟು ದಿನವೂ ಅಡುಗೆಯಲ್ಲಿ ತಾಯಿಗೆ ಕೈಜೋಡಿಸಿದವನು ಜಯಪ್ರಕಾಶ.

"ಕೈ ಮುರ್ದಿದ್ದು ಅವಳ್ದು, ಒಟ್ಟೆ ಕೆಟ್ಟಿದ್ದು ನಂದು," ಎಂದು ಚಿಕ್ಕಬೋರಮ್ಮ ಇವತ್ತಿಗೂ ನೆಂಟರ ಮುಂದೆ ಹೇಳುತ್ತಾರೆ.

ಪಟ್ಟಿ ಬಿಚ್ಚಿದ ದಿನ ರೂಪ ಒಂದೇ ಮಾತು ಹೇಳಿದ್ದಳು. "ನೋಡಿ, ಇನ್ನೊಂದ್ಸಲ ಚಕ್ರ ಜಾರಿದ್ರೆ ಬ್ರೇಕಿನ ಕೆಲಸ ಮೈಸೂರಿನ ಅಂಗಡಿಗೆ. ನೀವು ಸೈಕಲ್ ಮುಟ್ಟೋ ಹಾಗಿಲ್ಲ. ಆಯ್ತಾ?"

ಆಯ್ತು ಎಂದಿದ್ದ. ಅಂದಿನಿಂದ ಮೂರು ಪ್ರದರ್ಶನ ನಡೆದಿದ್ದವು, ಒಂದರಲ್ಲೂ ಜಾರಿರಲಿಲ್ಲ. ಅದಕ್ಕೆ ತನ್ನ ಪ್ಯಾಡಿನ ಆಯ್ಕೆಯೇ ಕಾರಣ ಎಂಬುದರಲ್ಲಿ ಜಯಪ್ರಕಾಶನಿಗೆ ಸಂಶಯವಿರಲಿಲ್ಲ. ಕಪ್ಪು ಪ್ಯಾಡು ಮೆತ್ತಗಿನದು. ಒಣಗಿದ ರಿಮ್ಮನ್ನು ಗಬಕ್ಕನೆ ಕಚ್ಚುತ್ತದೆ, ನೀರು ಬಿದ್ದರೆ ಸೋಪಿನಂತಾಗುತ್ತದೆ. ಹಸಿರು ಗಟ್ಟಿ. ಒದ್ದೆಯಲ್ಲೂ ಹಿಡಿಯುತ್ತದೆ, ಬಿಸಿಲಿನಲ್ಲಿ ಮಾತ್ರ ಬೀದಿ ನಾಯಿಗಳೆಲ್ಲ ಎದ್ದು ಕೂರುವಂತೆ ಕಿರುಚುತ್ತದೆ. ಬೂದು ಬಣ್ಣದ್ದೂ ಒಂದಿತ್ತು, ಎಲ್ಲ ಹವೆಗೂ ಆಗುತ್ತದೆಂದು ಅದನ್ನು ಮಾರುತ್ತಿದ್ದರು. ಅದನ್ನು ಅವನು ಮುಟ್ಟಲಿಲ್ಲ. "ಎಲ್ಲದಕ್ಕೂ ಆಗುತ್ತೆ ಅನ್ನೋದು ಯಾವುದಕ್ಕೂ ಆಗಲ್ಲ ಕಣೇ," ಎಂದು ಹೆಂಡತಿಗೆ ಉಪದೇಶಿಸಿದ್ದ. ರೂಪ ಕಾಫಿ ಕುಡಿಯುತ್ತ ಹೂಂ ಎಂದಿದ್ದಳು.

(ಇನ್ನೊಂದು ಸಂಗತಿ ಅವನ ಹೆಮ್ಮೆಯನ್ನು ಹೆಚ್ಚಿಸಿತ್ತು. ಉಳಿದ ಸವಾರರ ಪ್ಯಾಡುಗಳು ಕೆಲವೇ ತಿಂಗಳಲ್ಲಿ ಸವೆದು ಹೋಗುತ್ತವೆ ಎಂದು ಓದಿದ್ದ. ಅವನು ಆರಿಸಿದ ಪ್ಯಾಡುಗಳು ಮೂರು ಪ್ರದರ್ಶನದ ನಂತರವೂ ಹೊಸದರಂತೆಯೇ ಇದ್ದವು.)

ಹೀಗಿರುವಾಗ ನವೆಂಬರಿನಲ್ಲಿ ರೂಪಳ ಶಾಲೆಯ ಕ್ರೀಡಾಕೂಟ ಬಂತು. ಅವಳ ಪ್ರದರ್ಶನ ಚೆನ್ನಾಗಿ ನಡೆದರೆ ಮಕ್ಕಳಿಗೂ ಈ ಆಟ ಕಲಿಸಲು ಬಿಡುತ್ತೇನೆಂದು ಮುಖ್ಯೋಪಾಧ್ಯಾಯ ಮಹದೇವಸ್ವಾಮಿಯವರು ಹೇಳಿದ್ದರು. ಕಲ್ಲುಚಪ್ಪಡಿ, ವಿದ್ಯುತ್ ತಂತಿಯ ದೊಡ್ಡ ಮರದ ಉರುಳೆ, ಕೊನೆಗೆ ಟ್ರ್ಯಾಕ್ಟರಿನ ಟ್ರೇಲರು, ಇಷ್ಟರ ಮೇಲೆ ಅವಳು ನೆಗೆಯಬೇಕು. ಟ್ರ್ಯಾಕ್ಟರು ತರುವವರು ಪೂರಿಗಾಲಿಯಲ್ಲಿ ಕಬ್ಬು ಬೆಳೆಯುವ, ಆಲೆಮನೆ ನಡೆಸುವ ಅವಳ ತಂದೆ ಹೊನ್ನಯ್ಯ. ಅಂದರೆ ಜಯಪ್ರಕಾಶನ ಬ್ರೇಕು ಈ ಸಲ ಮಾವನ ಎದುರಿನಲ್ಲೇ ಪರೀಕ್ಷೆಗೆ ಕೂರಲಿತ್ತು.

ಮಳವಳ್ಳಿಯ ನವೆಂಬರು ಸುಲಭದ್ದಲ್ಲ. ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಬಿಸಿಲು, ಬಂಗಾಳ ಕೊಲ್ಲಿಯಲ್ಲಿ ಯಾರಾದರೂ ಸೀನಿದರೆ ಸಂಜೆಗೆ ಜಡಿಮಳೆ. ಒಂದೇ ದಿನಕ್ಕೆ ಕಪ್ಪು, ಹಸಿರು ಎರಡೂ ಬೇಕು. ಜಯಪ್ರಕಾಶ ಊಟ ಬಿಟ್ಟು ವಿಡಿಯೋ ನೋಡಿದ. ರಿಮ್ಮನ್ನು ಗ್ರೈಂಡರಿನಿಂದ ಗೀರಿ ಒರಟು ಮಾಡಿದರೆ ಒದ್ದೆಯಲ್ಲೂ ಹಿಡಿಯುತ್ತದೆಂದು ತಿಳಿಯಿತು.

"ನನ್ನ ರಿಮ್ಮಿಗೆ ಗ್ರೈಂಡರ್ ಮುಟ್ಟಿಸಿದ್ರೆ ನಿಮ್ಮ ಕೈಗೂ ಮುಟ್ಟಿಸ್ತೀನಿ," ಎಂದಳು ರೂಪ.

ಕೆಲವರು ರಿಮ್ಮಿಗೆ ಟಾರು ಸವರುತ್ತಾರೆಂದೂ ತಿಳಿಯಿತು. ತೆಳ್ಳಗೆ ಸವರಿದ ಟಾರಿನ ಅಂಟಿಗೆ ಪ್ಯಾಡು ಅದ್ಭುತವಾಗಿ ಹಿಡಿಯುತ್ತದಂತೆ. ರಸ್ತೆ ಕೆಲಸದವರಿಂದ ಒಂದು ಮುದ್ದೆ ಟಾರು ಬೇಡಿ ತಂದು, ಒಲೆಯ ಮೇಲೆ ಕಾಯಲಿಟ್ಟ. ಯಾವ ಪಾತ್ರೆ ಎಂದು ನೋಡಿಕೊಂಡಿರಲಿಲ್ಲ.

"ಏನ್ಲಾ ಇದು, ಆಲಿನ್ ಪಾತ್ರೇಲಿ?" ಚಿಕ್ಕಬೋರಮ್ಮನವರ ಕೂಗಿಗೆ ಮಂಗಳಮ್ಮ ಬಾಗಿಲಿಗೆ ಬಂದರು.

"ಸಂಶೋಧನೆ ಕಣವ್ವ."

"ಸಂಸೋದ್ನೆ! ನಿಮ್ಮಪ್ಪ ರಸ್ತೆ ಕಂಟ್ರಾಕ್ಟು ಮಾಡಿದ್ನಾ, ನೀನ್ ಮನೇಲಿ ಟಾರ್ ಕಾಯ್ಸಕೆ? ನಾಳಿಂದ ನಿಂಗ್ ಇದ್ರಲ್ಲೇ ಕಾಪಿ. ಎತ್ತಾಕಲಾ ಆಚೆಗೆ!"

ಟಾರು ಆಚೆಗೆ ಹೋಯಿತು, ಪಾತ್ರೆಯೂ ಹೋಯಿತು. ಆದರೆ ಅಂಟು ಎಂಬ ಮೂಲ ತತ್ತ್ವ ಜಯಪ್ರಕಾಶನ ತಲೆಯಲ್ಲಿ ಅಂಟಿಕೊಂಡಿತು. ಮುಂದಿನ ವಾರ ಅವನು ಪೂರಿಗಾಲಿಗೆ ಹೋದಾಗ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಹೊನ್ನಯ್ಯ ಬಿಸಿ ಬೆಲ್ಲದ ಪಾಕವನ್ನು ಸೌಟಿನಿಂದ ಬಾಳೆಲೆಯ ಮೇಲೆ ಬಿಟ್ಟು ಅಳಿಯನ ಮುಂದೆ ಹಿಡಿದರು. ಜಯಪ್ರಕಾಶ ಬೆರಳಿನಿಂದ ತೆಗೆದ. ಬೆರಳಿನ ಜೊತೆ ಎಲೆಯೂ ಬಂತು.

"ಉಸಾರು ಅಳೀಮಯ್ಯ, ಒಂದ್ಸಲ ಅಂಟ್ಕಂಡ್ರೆ ಬುಡಾಕಿಲ್ಲ ಅದು," ಎಂದರು ಹೊನ್ನಯ್ಯ.

ಜಯಪ್ರಕಾಶ ಎಲೆಯನ್ನು ನೋಡಿದ. ಬೆರಳನ್ನು ನೋಡಿದ. ವಿದೇಶದವರ ಬಳಿ ಟಾರಿದೆ, ಏಕೆಂದರೆ ಅವರ ಬಳಿ ಆಲೆಮನೆಯಿಲ್ಲ. ಇಷ್ಟು ಸರಳವಾದ ವಿಷಯ ಯಾರಿಗೂ ಹೊಳೆದಿರಲಿಲ್ಲವೆಂದು ಅವನಿಗೆ ಆಶ್ಚರ್ಯವಾಯಿತು.

ಎರಡು ಅಚ್ಚು ಬೆಲ್ಲ ತಂದು, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಎಳೆಪಾಕ ಮಾಡಿದ. (ಪಾತ್ರೆ ಈ ಸಲ ಸ್ವಂತ ಹಣದಿಂದ ಕೊಂಡದ್ದು.) ಬಟ್ಟೆಯಲ್ಲಿ ಅದ್ದಿ ರಿಮ್ಮಿಗೆ ತೆಳ್ಳಗೆ ಸವರಿದ. ಸಂಜೆ ರೂಪ ಅಂಗಳದಲ್ಲಿ ಒಂದು ಸುತ್ತು ಹಾಕಿ, ಜಗುಲಿಯ ಮೇಲೆ ನೆಗೆದು ಬ್ರೇಕು ಹಿಡಿದಳು. ಚಕ್ರ ಕಿರ್ರೆಂದು ನಿಂತಿತು. ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತು.

"ಪರವಾಗಿಲ್ವಲ್ಲ," ಎಂದಳು. "ಏನ್ ಮಾಡಿದ್ರಿ?"

"ಒಂದು ವಿಶೇಷ ಲೇಪನ."

"ಇರುವೆ ಯಾಕ್ ಬಂದಿದಾವೆ?"

"ತೇವ ಅಲ್ವಾ. ಶಿಂಷಾ ಹೊಳೆ ಕಡೆಯಿಂದ ಬರ್ತವೆ."

ರೂಪ ಬಗ್ಗಿ ರಿಮ್ಮನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು, ಒಳಗೆ ಹೋದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಪರವಾಗಿಲ್ಲ ಎಂಬ ಮಾತು ಅವಳ ಬಾಯಿಂದ ಬಂದದ್ದು ಅಪರೂಪ. ಜಯಪ್ರಕಾಶ ಆ ರಾತ್ರಿ ತುಂಬ ಚೆನ್ನಾಗಿ ನಿದ್ದೆ ಮಾಡಿದ.

ಕ್ರೀಡಾಕೂಟದ ಹಿಂದಿನ ಸಂಜೆ ಅವನಿಗೆ ಒಂದು ದಿಗಿಲು ಹುಟ್ಟಿತು. ಮಳೆ ಬಂದರೆ ಬೆಲ್ಲ ಕರಗುತ್ತದೆ. ಪೂರಿಗಾಲಿಗೆ ಫೋನು ಮಾಡಿದ.

"ಮಾವ, ನಾಳೆ ಆ ಕಡೆ ಮಳೆ ಬರುತ್ತಾ?"

"ಬತ್ತದೆ ಬುಡಿ. ಬರ್ದೆ ಎಲ್ಗೋದದು."

(ಬೆಳೆ ಇಟ್ಟ ಯಾವ ರೈತನೂ ಮಳೆ ಬರುವುದಿಲ್ಲ ಎಂಬ ಮಾತನ್ನು ತನ್ನ ಬಾಯಿಂದ ಆಡುವುದಿಲ್ಲ, ಅದು ಅಪಶಕುನ. ಇದು ಜಯಪ್ರಕಾಶನಿಗೆ ಗೊತ್ತಿರಲಿಲ್ಲ. ಸಹಕಾರ ಸಂಘದಲ್ಲಿ ಕುಳಿತು ಬಗೆಬಗೆಯ ರೈತರನ್ನು ನೋಡಿದ್ದ, ಅವರ ಬಳಿ ಮಳೆಯ ವಿಷಯ ಮಾತ್ರ ಕೇಳಿರಲಿಲ್ಲ.)

"ತೇವಕ್ಕೆ ಬೆಲ್ಲ ಕರಗದ ಹಾಗೆ ಏನ್ ಮಾಡ್ತೀರಿ ಮಾವ?"

ಅಳಿಯ ಮೊದಲ ಬಾರಿಗೆ ಕಸುಬಿನ ಪ್ರಶ್ನೆ ಕೇಳಿದ್ದಕ್ಕೆ ಹೊನ್ನಯ್ಯನವರಿಗೆ ಸಂತೋಷವಾಯಿತು. "ಅಚ್ಚಿನ ಅದ ತೆಗೀಬೇಕು. ಎಳೆ ಬಂತು ಅಂತ ಇಳಿಸ್ಬುಟ್ರೆ ಆಗಕಿಲ್ಲ. ಒಸಿ ಪಾಕ ತಣ್ಣೀರ್ಗೆ ಬುಟ್ಟು, ಉಂಡೆ ಮಾಡಿ ಕಲ್ ಮ್ಯಾಕೆ ಒಡೀರಿ. ಟಣ್ ಅನ್ಬೇಕು. ಅಂಗಂದ್ರೆ ಗಟ್ಟಿ ಆಯ್ತದೆ. ವರ್ಸ ಮಡಗುದ್ರೂ ನೀರ್ ಒಡೆಯಕಿಲ್ಲ."

ಜಯಪ್ರಕಾಶ ಹಾಗೆಯೇ ಮಾಡಿದ. ಉಂಡೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೊಡೆದ. ಟಣ್ ಎಂದಿತು. ಬಿಸಿ ಬಿಸಿ ಪಾಕವನ್ನು ಎರಡೂ ರಿಮ್ಮುಗಳಿಗೆ ಈ ಸಲ ಧಾರಾಳವಾಗಿ ಬಳಿದ, ಪ್ಯಾಡುಗಳಿಗೂ ಬಳಿದ. ಪ್ಯಾಡು ರಿಮ್ಮಿಗೆ ಚೆನ್ನಾಗಿ ಕೂರಲೆಂದು ಎರಡೂ ಬ್ರೇಕುಗಳನ್ನು ಒತ್ತಿ ಹಿಡಿದು, ಸಾಗಿಸುವಾಗ ಸೈಕಲ್ಲು ಉರುಳದಿರಲಿ ಎಂದು ಹಾಗೆಯೇ ಹಳೆಯ ಟ್ಯೂಬಿನಿಂದ ಬಿಗಿದು ಕಟ್ಟಿದ. ರೂಪ ಮರುದಿನದ ಏರ್ಪಾಡಿಗೆಂದು ಆಗಲೇ ಮಳವಳ್ಳಿಗೆ ಹೋಗಿ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಉಳಿದಿದ್ದಳು. ಸೈಕಲ್ಲು ತರುವ ಜವಾಬ್ದಾರಿ ಇವನದು.

ಬೆಳಿಗ್ಗೆ ಲಗೇಜ್ ಆಟೋದ ಜವರಯ್ಯ ಸೈಕಲ್ಲನ್ನು ತಳ್ಳಲು ನೋಡಿ, ಆಗದೆ, ಎತ್ತಿ ಗಾಡಿಗೆ ಹಾಕಿದ.

"ಸಾ, ಚಕ್ರ ತಿರುಗ್ತಾನೇ ಇಲ್ವಲ್ಲ."

"ತಿರುಗಬಾರದು. ಬ್ರೇಕ್ ಕಟ್ಟಿದೀನಿ."

"ಸೀಟೂ ಇಲ್ಲ."

"ನೀನು ಗಾಡಿ ಓಡಿಸು ಜವರಯ್ಯ."

ಮಳವಳ್ಳಿಯಲ್ಲಿ ಮಳೆಯ ಸುಳಿವೇ ಇರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು, ಗಾಳಿ ಒಣಗಿತ್ತು, ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಮೈದಾನದ ಸುತ್ತ ಮಕ್ಕಳು, ಅವರ ಹಿಂದೆ ಊರಿನವರು, ಅವರ ಹಿಂದೆ ಪೂರಿಗಾಲಿಯಿಂದ ಟ್ರ್ಯಾಕ್ಟರಿನಲ್ಲೇ ಬಂದ ಹೊನ್ನಯ್ಯನವರ ಪರಿವಾರ. ಮುಖ್ಯೋಪಾಧ್ಯಾಯರು ಮೈಕು ಹಿಡಿದರು. "ಈಗ ನಮ್ಮ ಶಾಲೆಯ ಹೆಮ್ಮೆಯ ರೂಪ ಮೇಡಂ ಅವರಿಂದ, ಪಾದ ನೆಲಕ್ಕೆ ತಾಗಿಸದೆ ನಡೆಸುವ ಸೈಕಲ್ ಸಾಹಸ!"

ರೂಪ ಹೆಲ್ಮೆಟ್ಟು ಹಾಕಿಕೊಂಡು ಬಂದು ಗಂಡನ ಕೈಯಿಂದ ಸೈಕಲ್ಲು ತೆಗೆದುಕೊಂಡಳು. ಟ್ಯೂಬು ಬಿಚ್ಚಿದಳು. ಬ್ರೇಕಿನ ಹಿಡಿ ಬಿಟ್ಟುಕೊಂಡಿತು, ಪ್ಯಾಡು ಬಿಟ್ಟುಕೊಳ್ಳಲಿಲ್ಲ. ತಳ್ಳಿದಳು. ಸೈಕಲ್ಲು ಚಕ್ರ ತಿರುಗಿಸದೆ, ಹಟ ಹಿಡಿದ ಕರುವಿನಂತೆ, ಮಣ್ಣಿನಲ್ಲಿ ಉದ್ದಕ್ಕೆ ಗೆರೆ ಎಳೆಯುತ್ತ ಬಂತು.

"ರೀ."

"ಹಾಂ."

"ಚಕ್ರ ಯಾಕ್ ತಿರುಗ್ತಿಲ್ಲ?"

ಜಯಪ್ರಕಾಶ ಮಂಡಿಯೂರಿ ನೋಡಿದ. ಚಳಿಗೆ ಪಾಕ ಕಲ್ಲಾಗಿತ್ತು. ಪ್ಯಾಡು ಯಾವುದು, ರಿಮ್ಮು ಯಾವುದು, ಬೆಲ್ಲ ಯಾವುದು ಎಂದು ಹೇಳುವ ಹಾಗಿರಲಿಲ್ಲ. ನಾಲ್ಕೂ ಪ್ಯಾಡುಗಳ ಸುತ್ತ ಹೊನ್ನಿನ ಬಣ್ಣದ ನಾಲ್ಕು ಅಚ್ಚುಗಳು ಎರಕ ಹೊಯ್ದಂತೆ ಕೂತಿದ್ದವು. ಅವುಗಳ ಮೇಲೆ ಮದ್ದೂರಿನಿಂದ ಪ್ರಯಾಣ ಮಾಡಿ ಬಂದ ಇರುವೆಗಳು ಶಾಂತವಾಗಿ ಓಡಾಡುತ್ತಿದ್ದವು.

"ಸ್ವಲ್ಪ ಹೆಚ್ಚು ಹಿಡಿದಿದೆ, ಅಷ್ಟೇ," ಎಂದ.

ಮಕ್ಕಳಲ್ಲಿ ನಗು ಶುರುವಾಯಿತು. ಮೈಕಿನಲ್ಲಿ ಮಹದೇವಸ್ವಾಮಿಯವರು, "ತಾಂತ್ರಿಕ ಕಾರಣಗಳಿಂದ" ಎಂದು ಆರಂಭಿಸಿ, ಕಾರಣ ಗೊತ್ತಿಲ್ಲದೆ ನಿಲ್ಲಿಸಿದರು. ಹೊನ್ನಯ್ಯ ಟ್ರ್ಯಾಕ್ಟರಿನಿಂದ ಇಳಿದು ಬಂದರು. ಬಗ್ಗಿದರು. ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿ, ಇರುವೆ ಊದಿ, ಬಾಯಿಗೆ ಹಾಕಿಕೊಂಡರು. ಇಡೀ ಮೈದಾನ ಕಾಯುತ್ತಿತ್ತು.

"ಬೆಲ್ಲ!" ಎಂದರು. ಇನ್ನೊಮ್ಮೆ ಚಪ್ಪರಿಸಿದರು. "ಲೇ ಮರಿಯಯ್ಯ, ಬಾರ್ಲಾ ಇಲ್ಲಿ. ನೋಡ್ಲಾ ಈ ಅದವ."

ಮರಿಯಯ್ಯ ಹೊನ್ನಯ್ಯನವರ ಆಲೆಮನೆಯಲ್ಲಿ ಪಾಕದ ಹದ ನೋಡುವವನು. ಅವನೂ ಒಂದು ಚಕ್ಕೆ ಮುರಿದು ತಿಂದ. "ಊವ್ನಂಗೈತೆ ಕಣಣ್ಣ. ಯಾರ್ ತೆಗ್ದಿದ್ದು?"

"ನಮ್ ಅಳೀಮಯ್ಯ! ರಾತ್ರಿ ಪೋನ್ನಾಗೆ ಕೇಳ್ಕಂಡ್ರು, ಒಂದೇ ಸಲಕ್ಕೆ ತೆಗ್ದವ್ರೆ!"

ಪೂರಿಗಾಲಿಯವರು ಒಬ್ಬೊಬ್ಬರಾಗಿ ಬಂದು ಹಿಂದಿನ ಚಕ್ರದಿಂದ ಒಂದೊಂದು ಚೂರು ಮುರಿದುಕೊಂಡರು. ಮದುವೆಯಾದಂದಿನಿಂದ ಮಾವನ ಊರಿನಲ್ಲಿ ಜಯಪ್ರಕಾಶನನ್ನು ಯಾರೂ ಹೊಗಳಿರಲಿಲ್ಲ. ಈಗ ಹೊಗಳುತ್ತಿದ್ದರು, ಅವನು ಮಾತ್ರ ತಲೆಯೆತ್ತುವ ಸ್ಥಿತಿಯಲ್ಲಿರಲಿಲ್ಲ. ಏಕೆಂದರೆ ರೂಪ ಅವನನ್ನೇ ನೋಡುತ್ತಿದ್ದಳು.

"ಜಾರಿಲ್ಲ ಕಣೇ," ಎಂದ ಮೆಲ್ಲಗೆ. "ನೀನು ಹೇಳಿದ್ದು ಜಾರಿದ್ರೆ ಅಂತ."

"ತಿರುಗಿದ್ರೆ ತಾನೇ ಜಾರೋದು? ಹೋಗಿ, ಟೀ ಅಂಗಡಿಯಿಂದ ಬಿಸಿನೀರು ತನ್ನಿ. ಓಡಿ!"

ಓಡಿದ. ಗೇಟಿನ ಬಳಿಯ ಟೀ ಅಂಗಡಿಯ ಕೆಟಲಿನೊಂದಿಗೆ ವಾಪಸು ಬಂದ. ಅವನು ಸುರಿದ, ಅವಳು ಉಜ್ಜಿದಳು. ಬೆಲ್ಲ ಕರಗಿ ಮಣ್ಣಿಗಿಳಿಯಿತು. ಪ್ಯಾಡು ಬಿಟ್ಟುಕೊಂಡಿತು, ಆದರೆ ಪಾಕ ಕುಡಿದು ಜಾಮೂನಿನಂತೆ ಜಿನುಗುತ್ತಿತ್ತು. ಇನ್ನು ಅದನ್ನು ನಂಬಿ ಯಾವ ಟ್ರೇಲರಿಗೂ ನೆಗೆಯುವ ಹಾಗಿರಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡ. ಮಕ್ಕಳ ಆಟವೂ ಮುಗಿಯಿತು, ಭಾನುವಾರವೂ ಮುಗಿಯಿತು.

ಆಗ ರೂಪ ಸೊಂಟದ ಚೀಲದ ಜಿಪ್ಪು ಎಳೆದಳು.

ಆ ಚೀಲವನ್ನು ಅವಳು ಯಾವ ಪ್ರದರ್ಶನಕ್ಕೂ ಬಿಟ್ಟು ಹೋಗುತ್ತಿರಲಿಲ್ಲ, ಅವನ ಕೈಗೂ ಕೊಡುತ್ತಿರಲಿಲ್ಲ. ಹೆಂಗಸರ ಸಾಮಾನು ಎಂದುಕೊಂಡು ಅವನೂ ಕೇಳಿರಲಿಲ್ಲ. ಅದರಿಂದ ಒಂದು ಪುಟ್ಟ ಸ್ಪ್ಯಾನರು ಬಂತು. ನಂತರ ನಾಲ್ಕು ಪ್ಯಾಡು. ಬೂದು ಬಣ್ಣದವು, ಅರ್ಧಕ್ಕರ್ಧ ಸವೆದವು. ಅವನು ಭಾನುವಾರವಿಡೀ ಕೂತು ಸರಿಪಡಿಸುವ ಪ್ಯಾಡುಗಳನ್ನು ಅವಳು ಅವರೆಕಾಯಿ ಸುಲಿಯುವಷ್ಟು ಸಲೀಸಾಗಿ ಕಿತ್ತು, ಇವನ್ನು ಕೂರಿಸಿ, ಟವೆಲಿನಿಂದ ರಿಮ್ಮು ಒರೆಸಿ, ಚಕ್ರ ತಿರುಗಿಸಿ ನೋಡಿದಳು.

ಜಯಪ್ರಕಾಶ ಖಾಲಿ ಕೆಟಲ್ ಹಿಡಿದು ನಿಂತಿದ್ದ. ತನ್ನ ಪ್ಯಾಡುಗಳು ಸವೆಯದೆ ಹೊಸದರಂತೆಯೇ ಏಕೆ ಉಳಿಯುತ್ತಿದ್ದವು ಎಂಬುದು ಅವನಿಗೆ ಈಗ ತಿಳಿಯಿತು.

"ಮೂರು ಸಲವೂನಾ?" ಎಂದು ಕೇಳಿದ.

"ಮೂರು ಸಲವೂ. ಹೋದ್ಮೇಲೆ ಬದಲಾಯಿಸ್ಕೋತಿದ್ದೆ, ಮನೆಗೆ ಬರೋ ಮುಂಚೆ ನಿಮ್ದು ಹಾಕ್ತಿದ್ದೆ."

"ಹೇಳಬಾರದಿತ್ತಾ?"

"ಭಾನುವಾರ ಭಾನುವಾರ ದೇವರ ಪೂಜೆಗೆ ಕೂತ ಹಾಗೆ ಕೂತಿರ್ತಿದ್ರಿ. ಹೇಳೋಕೆ ಮನಸ್ಸು ಬರಲಿಲ್ಲ ಕಣ್ರೀ." ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. "ಬೆಲ್ಲ ಅಂತ ನನಗೆ ಗೊತ್ತಿರಲಿಲ್ವಾ? ಆಲೆಮನೆ ಮುಂದೆ ಆಡಿ ಬೆಳೆದೋಳು ನಾನು. ಸೈಕಲ್ ಇಲ್ಲಿಗೆ ಬಂದ್ಮೇಲೆ ಒದ್ದೆ ಬಟ್ಟೆಲಿ ಒರೆಸ್ಕೋಳಣ ಅಂತಿದ್ದೆ. ನೀವು ಅಚ್ಚಿನ ಹದಕ್ಕೆ ತೆಗೀತೀರಾ ಅಂತ ಯಾರು ಕಂಡಿದ್ರು? ಸರೀರಿ ಆಚೆಗೆ."

ಅವಳು ಚಪ್ಪಡಿ ಏರಿದಳು, ಉರುಳೆ ಏರಿದಳು. ಮಕ್ಕಳ ಗದ್ದಲ ನಿಂತಿತು. ಉರುಳೆಯಿಂದ ಟ್ರೇಲರಿನ ಅಂಚಿಗೆ ನೆಗೆದು, ಹಿಂದಿನ ಒಂದೇ ಚಕ್ರದ ಮೇಲೆ, ಆಕಾಶಕ್ಕೆ ಮುಖ ಮಾಡಿ ನಿಂತಳು. ಯಾವ ವಿಶೇಷವೂ ಇಲ್ಲದ ಬೂದು ಪ್ಯಾಡು ಒಂದು ಸಣ್ಣ ಕಿರ್ ಎಂದು ಹಿಡಿಯಿತು. ಅವಳು ಅಲುಗಲಿಲ್ಲ. ಅಲ್ಲಿಂದ ನೆಲಕ್ಕೆ ನೆಗೆದು, ಕಾಲೂರದೆ ಒಂದು ಸುತ್ತು ಬಂದಾಗ ಎದ್ದ ಕೂಗಿಗೆ ಟೀ ಅಂಗಡಿಯವನೂ ತನ್ನ ಕೆಟಲಿನ ಚಿಂತೆ ಮರೆತ.

ಮಹದೇವಸ್ವಾಮಿಯವರಿಗೆ ಕಣ್ಣು ತುಂಬಿ ಬಂದಿತ್ತು. ಬರುವ ತಿಂಗಳಿಂದಲೇ ಮಕ್ಕಳಿಗೆ ತರಬೇತಿ ಎಂದು ಮೈಕಿನಲ್ಲೇ ಘೋಷಿಸಿಬಿಟ್ಟರು. ಅಷ್ಟಕ್ಕೆ ಸುಮ್ಮನಾಗಲಿಲ್ಲ. "ಮೇಡಂ ಅವರು ಮೊದಲೇ ತಿಳಿಸಿರುವಂತೆ, ಈ ಸೈಕಲ್ಲಿನ ಬ್ರೇಕಿನ ಸಂಪೂರ್ಣ ಹೊಣೆ ಅವರ ಪತಿಯವರದು. ಶ್ರೀಯುತ ಜಯಪ್ರಕಾಶ್ ಅವರು ದಯವಿಟ್ಟು ವೇದಿಕೆಗೆ ಬರಬೇಕು."

ಹೋಗದೆ ವಿಧಿಯಿರಲಿಲ್ಲ. ಮುಖ್ಯೋಪಾಧ್ಯಾಯರು ಅವನ ಬಲಗೈಯನ್ನು ಭಾವುಕರಾಗಿ ಎರಡೂ ಕೈಗಳಿಂದ ಹಿಡಿದುಕೊಂಡರು. ಚಕ್ರದ ಬೆಲ್ಲದ ನೀರು ಮೆತ್ತಿ, ತೊಳೆಯದೆ ಆರಿದ ಕೈ ಅದು. ಕುಲುಕಿದ ನಂತರ ಬಿಡಿಸಿಕೊಳ್ಳಲು ನೋಡಿದರು. ಮತ್ತೊಮ್ಮೆ ನೋಡಿದರು. ಸಭಿಕರು ಅದನ್ನು ಆತ್ಮೀಯತೆ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಜಯಪ್ರಕಾಶನ ಲೇಪನ ಆ ದಿನ ಕೊನೆಗೂ ಸಾರ್ವಜನಿಕವಾಗಿ ಹಿಡಿದು ತೋರಿಸಿತು. ಹೊದಿಸಿದ ಶಾಲನ್ನು ಅವನು ಮನೆಗೆ ಬಂದು ನೆನೆಹಾಕಿಯೇ ತೆಗೆಯಬೇಕಾಯಿತು.

"ಬ್ರೇಕ್ ನಿಂತ್ಕತಾ ಮಗಳೇ?" ಚಿಕ್ಕಬೋರಮ್ಮ ಬಾಗಿಲಲ್ಲೇ ಸೊಸೆಯನ್ನು ಕೇಳಿದರು.

"ನಿಂತ್ಕೊಳೋದೇನು ಅತ್ತೆ, ನಿಮ್ಮ ಮಗ ಹಾಕಿದ ಬ್ರೇಕನ್ನ ಇಡೀ ಮಳವಳ್ಳಿಲಿ ಯಾರ ಕೈಲೂ ಅಲ್ಲಾಡ್ಸೋಕಾಗಲಿಲ್ಲ."

ಚಿಕ್ಕಬೋರಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಂಗಂದ್ಮೇಲೆ ಇವ್ನ್ ಮಕ ಯಾಕವ್ವ ಇಂಗದೆ?"

ಭಾನುವಾರ ಬಂತು. ಜಯಪ್ರಕಾಶ ಜಗುಲಿಗೆ ಹೋಗದೆ ಪತ್ರಿಕೆ ಹಿಡಿದು ಒಳಗೇ ಕೂತ. ರೂಪ ಎರಡು ಲೋಟ ಕಾಫಿ ತಂದಳು. ಸೈಕಲ್ಲನ್ನು ತಾನೇ ತಲೆಕೆಳಗೆ ಮಾಡಿ ನಿಲ್ಲಿಸಿದ್ದಳು.

"ಬನ್ನಿ. ಬೆಲ್ಲ ಇನ್ನೂ ಕಡ್ಡಿ ಸಂದಿಲಿ ಇದೆ."

"ಮೈಸೂರಿಗೆ ಕಳಿಸ್ತೀನಿ ಅಂದಿದ್ದೆ."

"ಜಾರಿದ್ರೆ ಅಂದಿದ್ದೆ. ಜಾರಲಿಲ್ವಲ್ಲ." ಅವಳು ಸವೆದ ಬೂದು ಪ್ಯಾಡುಗಳನ್ನು ಅವನ ಅಂಗೈಯಲ್ಲಿಟ್ಟಳು. "ಹೊಸದು ತರಿಸಿ. ಯಾವುದು ಅಂತ ನಾನು ಹೇಳ್ತೀನಿ."

ಖಾತೆ ಉಳಿಯಿತು, ಅಧಿಕಾರ ಹೋಯಿತು. ಇಂಥ ಮಂತ್ರಿಗಳು ಬೇರೆ ಕಡೆಯೂ ಇದ್ದಾರೆಂದು ಜಯಪ್ರಕಾಶ ಸಮಾಧಾನ ತಂದುಕೊಂಡು, ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಕಡ್ಡಿಗಳ ಸಂದಿ ಉಜ್ಜಲು ಕುಳಿತ. ಎದುರುಮನೆಯಿಂದ ಮಂಗಳಮ್ಮ ಕೂಗಿದರು. "ಸೀಟ್ ಬಂತೇನಪ್ಪ?"

ಅಷ್ಟರಲ್ಲಿ ಪೂರಿಗಾಲಿಯಿಂದ ಫೋನು ಬಂತು. ಮರಿಯಯ್ಯ ಹರಕೆ ತೀರಿಸಲು ಬೆಟ್ಟಕ್ಕೆ ಹೋಗುತ್ತಾನಂತೆ, ನಾಳೆ ಕೊಪ್ಪರಿಗೆಯ ಮುಂದೆ ಹದ ನೋಡುವವರಿಲ್ಲವಂತೆ. "ನಿಮ್ ಕೈನಾಗೆ ಗುಣ ಅದೆ ಅಳೀಮಯ್ಯ, ಒಂದಿನ ರಜಾ ಆಕಿ ಬಂದ್ಬುಡಿ," ಎಂದರು ಹೊನ್ನಯ್ಯ.

ಜಯಪ್ರಕಾಶನ ಎದೆ ಉಬ್ಬಿತು. ಒಪ್ಪಿಕೊಂಡ. ಫೋನು ಇಡುವ ಮುಂಚೆ ಕೇಳಿದ. "ನಾಳೆ ಮಳೆ ಬರುತ್ತಾ ಮಾವ?"

"ಬತ್ತದೆ ಬುಡಿ. ಬರ್ದೆ ಎಲ್ಗೋದದು."

ಈ ಸಲ ಅವನು ಮೋಸ ಹೋಗಲಿಲ್ಲ. ರೈತರ ಬಾಯಿಯ ಮರ್ಮ ಅವನಿಗೆ ಈಗ ತಿಳಿದಿತ್ತು. ನಾಳೆ ಖಂಡಿತ ಬಿಸಿಲು ಎಂದು ಹೆಂಡತಿಗೆ ಸಾರಿ, ಮಕ್ಕಳಿಗೆ ತೋರಿಸಲೆಂದು ಅವಳು ಶಾಲೆಗೆ ಒಯ್ಯಲಿದ್ದ ಸೈಕಲ್ಲಿಗೆ, ಬೇಡವೆನ್ನುವ ಮೊದಲೇ ಕಪ್ಪು ಪ್ಯಾಡು ಹಾಕಿ ಮುಗಿಸಿದ. ರೂಪ ಬೂದು ಪ್ಯಾಡುಗಳನ್ನು ಎತ್ತಿ ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

ಮರುದಿನ ಸೈಕಲ್ಲನ್ನು ಬಸ್ಸಿನ ಡಿಕ್ಕಿಗೆ ಹಾಕಿ ಇಬ್ಬರೂ ಹೊರಟರು. ಛತ್ರಿ ತರಲೇ ಎಂದು ಅವಳು ಕೇಳಿದ್ದಕ್ಕೆ ಅವನು ನಕ್ಕಿದ್ದ. ಬಸ್ಸು ಮಳವಳ್ಳಿ ಮುಟ್ಟುವ ಹೊತ್ತಿಗೆ ಕಿಟಕಿಯ ಗಾಜಿನ ಮೇಲೆ ಮೊದಲ ಹನಿ ಬಿತ್ತು. ನಿಲ್ದಾಣದಲ್ಲಿ ಇಳಿಯುವಾಗ ರೂಪ ಸೊಂಟದ ಚೀಲವನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಜಯಪ್ರಕಾಶ ಪೂರಿಗಾಲಿಯ ಬಸ್ಸು ಕಾಯುತ್ತ ಮಳೆಯಲ್ಲಿ ನಿಂತ.